ಶಿರಸಿ ಕಡೆಯ ತೋಟ–ಗದ್ದೆಗೆ ಮೊದಲ ಮಿನಿ ಟ್ರ್ಯಾಕ್ಟರ್: 18 ಎಚ್‌ಪಿ ಸಾಕೇ, 28 ಬೇಕೇ?

ನಿಮ್ಮ ಪ್ರಶ್ನೆಯಲ್ಲಿ ಎಚ್‌ಪಿ (ಅಶ್ವಶಕ್ತಿ) ಎಂಬ ಶಬ್ದ ನಾಲ್ಕು ಬಾರಿ ಬಂದಿದೆ, ಸಂಕ (ಕಾಲುವೆ ದಾಟುವ ಕಿರುಸೇತುವೆ) ಎಂಬುದು ಒಮ್ಮೆಯೂ ಬಂದಿಲ್ಲ. ಹಾಗಾಗಿ ಸಂಕದಿಂದಲೇ ಶುರು ಮಾಡುತ್ತೇನೆ.

ನೀವು ಬರೆದಿರುವಂತೆ ಮನೆ ಮೇಲಿದೆ, ಒಂದೂವರೆ ಎಕರೆ ಅಡಿಕೆ ತೋಟ ಕೆಳಗೆ ಕಣಿವೆಯಲ್ಲಿದೆ, ಪಕ್ಕದಲ್ಲಿ ಒಂದು ಎಕರೆ ಗದ್ದೆ, ಎರಡು ಎಕರೆ ಬೇಣ (ಹುಲ್ಲು ಬೆಳೆಯುವ ಎತ್ತರದ ಜಾಗ), ಅದರ ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ. ಬೆಂಗಳೂರಿನ ಕೆಲಸ ಬಿಟ್ಟು ಬರುತ್ತಿದ್ದೀರಿ, ಇದುವರೆಗೆ ಟ್ರ್ಯಾಕ್ಟರ್ ಓಡಿಸಿಲ್ಲ. ನನ್ನದೂ ಹೆಚ್ಚುಕಡಿಮೆ ಇಂಥದೇ ಜಾಗ, ಸಿದ್ದಾಪುರ ರಸ್ತೆಯ ಬದಿಯಲ್ಲಿ. ಒಂಬತ್ತು ವರ್ಷಗಳಲ್ಲಿ ಎರಡು ಯಂತ್ರ ಕೊಂಡಿದ್ದೇನೆ. ಮೊದಲನೆಯದು ತಪ್ಪಾಗಿದ್ದರಿಂದಲೇ ಎರಡನೆಯದು ಬಂತು.

ಯಾವ ಅಂಗಡಿಗೂ ಹೋಗುವ ಮೊದಲು ಒಂದು ಅಳತೆ ಟೇಪು ಹಿಡಿದು ಮನೆಯಂಗಳದಿಂದ ತೋಟದ ಕೊನೆಯವರೆಗೆ ನಡೆದುಬನ್ನಿ. ಉಣಗೋಲಿನ (ಬೇಲಿಯ ಗಳುಬಾಗಿಲಿನ) ಬಾಯಿ ಎಷ್ಟು ಅಗಲ? ಬಸಿಗಾಲುವೆ ದಾಟುವಲ್ಲಿ ಅಡಿಕೆ ದಬ್ಬೆಯ ಸಂಕವಿದೆಯೋ, ಕಾಂಕ್ರೀಟಿನ ಮೋರಿಯಿದೆಯೋ? ಧರೆಯ (ಕಡಿದಾದ ಮಣ್ಣಿನ ಗೋಡೆಯ) ಪಕ್ಕದ ತಿರುವಿನಲ್ಲಿ ಎಷ್ಟು ಜಾಗವಿದೆ? ಈ ವರ್ಗದ ಟ್ರ್ಯಾಕ್ಟರುಗಳ ಅಗಲ ಟೈರಿನ ಜೋಡಣೆಗೆ ತಕ್ಕಂತೆ ಸುಮಾರು ಮೂರೂಕಾಲು ಅಡಿಯಿಂದ ನಾಲ್ಕು ಅಡಿ. ಆದರೆ ಸಿಕ್ಕಿಕೊಳ್ಳುವುದು ಟ್ರ್ಯಾಕ್ಟರ್ ಅಲ್ಲ, ಅದರ ಹಿಂದಿನ ಟ್ರೇಲರ್. ತಿರುವಿನಲ್ಲಿ ಅದು ಒಳಮಗ್ಗುಲಿಗೆ ಸರಿದು ಧರೆಯನ್ನು ಕೆರೆಯುತ್ತದೆ. ನನ್ನ ನೆರೆಯವರೊಬ್ಬರು ಯಂತ್ರ ತಂದ ಮೇಲೆ ಮೋರಿ ಕಟ್ಟಿಸಲು, ದಾರಿ ಅಗಲಿಸಲು ಖರ್ಚು ಮಾಡಿದ ಹಣದಲ್ಲಿ ಒಂದು ಒಳ್ಳೆಯ ರೋಟವೇಟರ್ (ಮಣ್ಣು ಪುಡಿ ಮಾಡುವ ತಿರುಗುವ ನೇಗಿಲು) ಬರುತ್ತಿತ್ತು. ಇನ್ನೊಂದು ಮಾತು: ಬೆಟ್ಟದ ಮೇಲೆ ನಮಗಿರುವುದು ಸೊಪ್ಪು, ದರಕು (ಒಣಗಿ ಉದುರಿದ ಎಲೆ) ತರುವಂಥ ಹಕ್ಕು. ಅಲ್ಲಿ ದಾರಿ ಕಡಿಯಲು ಜೆಸಿಬಿ ಕರೆಸುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ.

ಈಗ ನನ್ನ ತಪ್ಪಿನ ಕಥೆ. ಮೊದಲು ಕೊಂಡದ್ದು 15 ಎಚ್‌ಪಿಯ, ಒಂದೇ ಸಿಲಿಂಡರಿನ, ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಯಂತ್ರ. ಬೆಲೆ ಕಡಿಮೆ, ಡೀಸೆಲ್ ಕಡಿಮೆ, ನೋಡಲು ಮುದ್ದು. ಬೇಸಿಗೆಯಲ್ಲಿ ದರಕು ತಂದೆ, ಗೊಬ್ಬರ ಸಾಗಿಸಿದೆ, ಊರೆಲ್ಲ ಹೊಗಳಿಕೊಂಡು ತಿರುಗಿದೆ. ನವೆಂಬರಿನಲ್ಲಿ ಕೊನೆ (ಅಡಿಕೆ ಗೊಂಚಲು) ಕೊಯ್ಲು. ಹಿಂದಿನ ರಾತ್ರಿ ಅಕಾಲದ ಮಳೆ ಬಿದ್ದಿತ್ತು. ಹಸಿ ಅಡಿಕೆ ಕೊನೆಗಳನ್ನು ಟ್ರೇಲರಿಗೆ ತುಂಬಿ ತೋಟದಿಂದ ಮನೆಗೆ ಏರು ಹತ್ತಿಸುವಾಗ ಅರ್ಧ ದಾರಿಯಲ್ಲಿ ಹಿಂದಿನ ಚಕ್ರಗಳು ನಿಂತಲ್ಲೇ ತಿರುಗತೊಡಗಿದವು. ಮುಂದಿನ ಚಕ್ರ ನೆಲ ಬಿಟ್ಟು ಗೇಣುದ್ದ ಮೇಲೆದ್ದಿತು. ಬ್ರೇಕ್ ಒತ್ತಿದರೂ ಇಡೀ ಗಾಡಿ ಹಿಂದಕ್ಕೆ ಜಾರಿ, ಟ್ರೇಲರ್ ಮಡಚಿಕೊಂಡು ಧರೆಗೆ ಒರಗಿ ನಿಂತಿತು. ಧರೆ ಇದ್ದದ್ದು ಎಡಕ್ಕೆ, ಬಲಕ್ಕೆ ಇಪ್ಪತ್ತು ಅಡಿ ಆಳ. ಅಂದು ನಾನು ಉಳಿದದ್ದು ಆ ಧರೆಯಿಂದ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಇಳಿದು ಬಂದು ನೋಡಿ, ಎತ್ತಾಗಿದ್ದರೆ ಮೊಣಕಾಲೂರಿಯಾದರೂ ಎಳೆಯುತ್ತಿದ್ದವು ಎಂದ. ಕೊನೆಗಳೆಲ್ಲ ತಲೆಹೊರೆಯಲ್ಲಿ ಮನೆ ಸೇರಿದವು.

ಆಮೇಲೆ ಕುಳಿತು ಯೋಚಿಸಿದಾಗ ಗೊತ್ತಾಯಿತು, ಅಲ್ಲಿ ಶಕ್ತಿಗೇನೂ ಕೊರತೆಯಿರಲಿಲ್ಲ. ಎಂಜಿನ್ ಗೊಣಗದೆ ತಿರುಗುತ್ತಲೇ ಇತ್ತು. ಕೊರತೆಯಿದ್ದದ್ದು ನೆಲದ ಹಿಡಿತಕ್ಕೆ. ಒಂದು ಟನ್ನಿಗೂ ಕಡಿಮೆ ತೂಗುವ ಗಾಡಿ ತನ್ನಷ್ಟೇ ಭಾರದ ಟ್ರೇಲರನ್ನು ಒದ್ದೆ ಜಂಬಿಟ್ಟಿಗೆ (ಕೆಂಪುಕಲ್ಲಿನ) ಮಣ್ಣಿನ ಏರಿನಲ್ಲಿ ಎಳೆಯಬೇಕು. ಏರಿನಲ್ಲಿ ಭಾರ ಹಿಂದಕ್ಕೆ ವಾಲುತ್ತದೆ, ಮುಂಭಾಗ ಹಗುರವಾಗುತ್ತದೆ, ಸ್ಟೇರಿಂಗ್ ಕೈಗೆ ಬರುವುದಿಲ್ಲ. ಇಳಿಯುವಾಗ ಇನ್ನೂ ಕಷ್ಟ: ಬ್ರೇಕಿಲ್ಲದ ಟ್ರೇಲರ್ ಹಿಂದಿನಿಂದ ನೂಕುತ್ತದೆ. ನಾಲ್ಕು ಚಕ್ರದ ಚಾಲನೆಯಿದ್ದರೆ ಏರಿನಲ್ಲಿ ಮುಂದಿನ ಚಕ್ರಗಳೂ ಎಳೆಯುತ್ತವೆ, ಇಳುಕಲಿನಲ್ಲಿ ಎಂಜಿನ್ನಿನ ತಡೆ ನಾಲ್ಕೂ ಚಕ್ರಕ್ಕೆ ಸಿಗುತ್ತದೆ. ಶಿರಸಿಯಲ್ಲಿ ವರ್ಷಕ್ಕೆ 2500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ. ಮುಂಡಗೋಡ, ಹಳಿಯಾಳದ ಬಯಲಿನವರು ಎರಡು ಚಕ್ರದ ಯಂತ್ರವೇ ಸಾಕು ಎಂದರೆ ಅವರ ಮಟ್ಟಿಗೆ ಅದು ನಿಜ. ನಿಮ್ಮ ಕಣಿವೆಗೆ ಆ ಮಾತು ಹೊಂದುವುದಿಲ್ಲ.

ಆದ್ದರಿಂದ 18 ಅಥವಾ 28 ಎಂದು ಕೇಳಿದರೆ ನನ್ನ ಉತ್ತರ: ನಾಲ್ಕು ಚಕ್ರದ ಚಾಲನೆಯಿರುವ, 24ರ ಆಸುಪಾಸಿನ ಯಂತ್ರ. ಮಹೀಂದ್ರಾ ಜೀವೊ 245 ಡಿಐ (24 ಎಚ್‌ಪಿ, ಎರಡು ಸಿಲಿಂಡರ್), ಕುಬೋಟಾ ನಿಯೋಸ್ಟಾರ್ ಬಿ2441 (24 ಎಚ್‌ಪಿ, ಮೂರು ಸಿಲಿಂಡರ್), ಸ್ವಲ್ಪ ದೊಡ್ಡದು ಬೇಕೆಂದರೆ ಜಾನ್ ಡಿಯರ್ 3028 ಇಎನ್ (28 ಎಚ್‌ಪಿ) ಇವನ್ನು ನೋಡಬಹುದು. ಇವುಗಳಲ್ಲಿ ಯಾವುದು ಮೇಲು ಎಂದು ಊರಿನ ಕಟ್ಟೆಯಲ್ಲಿ ನಡೆಯುವ ಜಗಳಕ್ಕೆ ನಾನು ಬರುವುದಿಲ್ಲ. ಮೂರು ಸಿಲಿಂಡರಿನದು ನಡುಗುವುದು ಕಡಿಮೆ, ಸಂಜೆ ಸೊಂಟಕ್ಕೆ ಅದರ ವ್ಯತ್ಯಾಸ ಗೊತ್ತಾಗುತ್ತದೆ, ಅಷ್ಟೇ. ಒಂದು ವಿಷಯ ತಿಳಿದಿರಲಿ: ಬಾನೆಟ್ಟಿನ ಮೇಲೆ ಬರೆದಿರುವುದು ಎಂಜಿನ್ನಿನ ಶಕ್ತಿ, ರೋಟವೇಟರಿಗೋ ಪಂಪಿಗೋ ಸಿಗುವುದು ಪಿಟಿಒ (ಸಲಕರಣೆ ತಿರುಗಿಸಲು ಟ್ರ್ಯಾಕ್ಟರಿನ ಹಿಂದಿರುವ ದಂಡ) ಶಕ್ತಿ, ಅದು ಯಾವಾಗಲೂ ಕಡಿಮೆ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರಗಳ ಪರೀಕ್ಷಾ ಸಂಸ್ಥೆಯಿದೆ. ಅಲ್ಲಿಯ ಪರೀಕ್ಷಾ ವರದಿಯಲ್ಲಿ ಪಿಟಿಒ ಶಕ್ತಿ, ಎಳೆಯುವ ಬಲ, ಡೀಸೆಲ್ ಖರ್ಚು ಎಲ್ಲವೂ ಇರುತ್ತದೆ. ನೀವು ನೋಡುತ್ತಿರುವ ಮಾದರಿಯ ವರದಿಯನ್ನು ಮಾರಾಟಗಾರರಿಂದ ಕೇಳಿ ಪಡೆಯಿರಿ.

ಅಡಿಕೆ ತೋಟದೊಳಗೆ ಉಳುವ ಆಸೆಯಿದ್ದರೆ ಈಗಲೇ ಬಿಟ್ಟುಬಿಡಿ. ಹೊಸ ತೋಟದಲ್ಲಿ ಮರದಿಂದ ಮರಕ್ಕೆ 9 ಅಡಿ ಅಂತರವಿರುತ್ತದೆ, ನಿಮ್ಮದರಂಥ ಹಳೆಯ ತೋಟದಲ್ಲಿ ಆ ಲೆಕ್ಕವೂ ಇರುವುದಿಲ್ಲ. ಅಡಿಕೆಯ ಬೇರು ಮೇಲುಮೇಲೆ ಹರಡುವ ನಾರುಬೇರು, ರೋಟವೇಟರ್ ಹೊಡೆದರೆ ಕಳೆಯ ಜೊತೆಗೆ ಅದೂ ಹರಿಯುತ್ತದೆ. ತೋಟದ ಮಟ್ಟಿಗೆ ಟ್ರ್ಯಾಕ್ಟರ್ ಎಂದರೆ ಗಾಡಿ ಮತ್ತು ಪಂಪು. ಗೊಬ್ಬರ, ಸೊಪ್ಪು ಒಳಗೆ ಹೋಗಬೇಕು, ಕೊನೆ ಹೊರಗೆ ಬರಬೇಕು. ಮಳೆಗಾಲದ ಮುಂಚೆ ಕೊಳೆ ರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಸಿಂಪಡಿಸುವಾಗ ಪಿಟಿಒಗೆ ಜೋಡಿಸಿದ ಪಂಪಿನ ಒತ್ತಡ ಬಹಳ ಉಪಯೋಗಕ್ಕೆ ಬರುತ್ತದೆ. ಟ್ರ್ಯಾಕ್ಟರ್ ತೋಟದ ಅಂಚಿನಲ್ಲೇ ನಿಲ್ಲುತ್ತದೆ, ಪೈಪು ಮಾತ್ರ ಒಳಗೆ ಹೋಗುತ್ತದೆ. ಬಿದ್ದ ಸೋಗೆಯನ್ನು (ಅಡಿಕೆ ಗರಿಯನ್ನು) ಪುಡಿ ಮಾಡುವ ಯಂತ್ರವನ್ನೂ ಇದರಿಂದಲೇ ತಿರುಗಿಸಬಹುದು. ಗುಂಡಿ ತೋಡುವ ಸಲಕರಣೆಯನ್ನು ಮಾತ್ರ ಮೊದಲ ವರ್ಷವೇ ಕೊಳ್ಳಬೇಡಿ. ನಮ್ಮ ಬೇಣಗಳಲ್ಲಿ ಒಂದೂವರೆ ಅಡಿಗೆ ಚಿರೆಕಲ್ಲು ಸಿಕ್ಕರೆ ಅದು ಸುಮ್ಮನೆ ಮೇಲೆ ಕುಳಿತು ಕಿರುಚುತ್ತದೆ.

ಇನ್ನು ಆ ಒಂದು ಎಕರೆ ಗದ್ದೆ. ಬರಿಯ ಅದಕ್ಕಾಗಿ ಟ್ರ್ಯಾಕ್ಟರ್ ಕೊಳ್ಳುವುದು ಲೆಕ್ಕಕ್ಕೆ ಬರುವುದಿಲ್ಲ. ವರ್ಷಕ್ಕೆ ಎರಡು ಮೂರು ದಿನದ ಕೆಲಸ. ಊರಿನಲ್ಲಿ ಯಾರದ್ದಾದರೂ 13 ಎಚ್‌ಪಿಯ ಪವರ್ ಟಿಲ್ಲರ್ ಇದ್ದೇ ಇರುತ್ತದೆ, ಇಲ್ಲದಿದ್ದರೆ ರಾಜ್ಯ ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ಸಿಗುತ್ತದೆ. ನಿಜ ಹೇಳಬೇಕೆಂದರೆ ಮೊದಲ ವರ್ಷ ಪೂರ್ತಿ ಬಾಡಿಗೆಯಲ್ಲೇ ನಡೆಸಿ, ಎಷ್ಟು ಗಂಟೆ ಕೆಲಸವಾಯಿತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ವರ್ಷಕ್ಕೆ 100 ಗಂಟೆಯೂ ಆಗಲಿಲ್ಲವೆಂದರೆ ಟಿಲ್ಲರಿಗೆ ಟ್ರೇಲರ್ ಜೋಡಿಸಿಕೊಂಡೇ ಸುಖವಾಗಿರಬಹುದು. ನನ್ನ ಈಗಿನ ಯಂತ್ರ ಹಗುರ ಕೆಲಸದಲ್ಲಿ ಗಂಟೆಗೆ ಎರಡೂವರೆ ಲೀಟರ್ ಡೀಸೆಲ್ ಕುಡಿಯುತ್ತದೆ, ರೋಟವೇಟರ್ ಹಾಕಿದರೆ ಮೂರು ದಾಟುತ್ತದೆ. ಕೆಸರು ಗದ್ದೆಗೆ ಇಳಿಸುವ ಯೋಚನೆಯಿದ್ದರೆ ಎಣ್ಣೆಯಲ್ಲಿ ಮುಳುಗಿರುವ ಬ್ರೇಕ್ ಇದೆಯೇ, ಮುಂದಿನ ಆಕ್ಸಲಿನ ಸೀಲುಗಳಿಗೆ ಕೆಸರು ತಾಗದಂತೆ ರಕ್ಷಣೆಯಿದೆಯೇ ಎಂದು ಕೇಳಿ, ಬಗ್ಗಿ ನೋಡಿ.

ಕುಮಟಾದಲ್ಲಿರುವ ಹೆಂಡತಿಯ ತವರಿನ ಗಜನಿ ಗದ್ದೆಗೂ (ನದೀಮುಖದ ಉಪ್ಪುನೀರು ನುಗ್ಗುವ ಗದ್ದೆಗೂ) ಇದನ್ನೇ ಒಯ್ಯಬಹುದೇ ಎಂದು ಕೇಳಿದ್ದೀರಿ. ಬೇಡ ಮಾರಾಯರೇ. ಗಂಟೆಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಓಡುವ ಗಾಡಿಯಲ್ಲಿ ದೇವಿಮನೆ ಘಟ್ಟ ಇಳಿದು, ಅಘನಾಶಿನಿಯ ಉಪ್ಪುನೀರು ಉಂಡ ಜೇಡಿಯಲ್ಲಿ ಅದನ್ನು ಹೂತು, ಮತ್ತೆ ಘಟ್ಟ ಹತ್ತಿಸುವಷ್ಟರಲ್ಲಿ ಅಲ್ಲಿ ಬೆಳೆಯುವ ಉಪ್ಪು ತಾಳುವ ಕಗ್ಗ ಭತ್ತ ತೆನೆ ಬಿಟ್ಟಿರುತ್ತದೆ. ಉಪ್ಪು ಕಬ್ಬಿಣವನ್ನು ತಿನ್ನುವುದು ಬೇರೆ.

ಹಣದ ವಿಷಯ ಚುಟುಕಾಗಿ. ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಹಾಗಾಗಿ ಅದಕ್ಕೂ ಹಿಂದಿನ ದರಪಟ್ಟಿಗಳನ್ನು ನಂಬಬೇಡಿ. ಸಹಾಯಧನಕ್ಕೆ ನಿಮ್ಮ ಹೆಸರಿನ ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ ಬೇಕು. ಪಹಣಿ ಇನ್ನೂ ತಂದೆಯವರ ಹೆಸರಿನಲ್ಲಿದ್ದರೆ ಆ ಕೆಲಸ ಮೊದಲು ಮುಗಿಸಿ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಮಂಜೂರಾತಿ ಕೈಗೆ ಬಂದ ಮೇಲೆಯೇ ದುಡ್ಡು ಕಟ್ಟಿ. ಟ್ರೇಲರ್, ರೋಟವೇಟರ್, ಪಂಪು, ನೋಂದಣಿ, ವಿಮೆ ಎಲ್ಲ ಸೇರಿಸಿ ಒಂದೇ ಕಾಗದದಲ್ಲಿ ಬರೆದುಕೊಂಡರೆ ಮಾತ್ರ ನಿಜವಾದ ಬೆಲೆ ಕಣ್ಣಿಗೆ ಕಾಣುತ್ತದೆ.

ಆದರೆ ಎಲ್ಲಕ್ಕಿಂತ ಹೆಚ್ಚು ನಾನು ಪರೀಕ್ಷಿಸುವುದು ರಿಪೇರಿಯವರನ್ನು. ನನ್ನ ಮೊದಲ ಯಂತ್ರದ ಕ್ಲಚ್ ಪ್ಲೇಟು ಜುಲೈಯಲ್ಲಿ ಹೋಯಿತು. ಮಾರುವಾಗ ದಿನಕ್ಕೆರಡು ಬಾರಿ ಫೋನ್ ಮಾಡುತ್ತಿದ್ದ ಅಂಗಡಿಯವರು ಹತ್ತೊಂಬತ್ತು ದಿನ ನಾಳೆ ಎನ್ನುತ್ತಲೇ ಇದ್ದರು. ಎರಡನೆಯದನ್ನು ಕೊಳ್ಳುವ ಮೊದಲು ಗಿರಾಕಿಯೆಂದು ಹೇಳಿಕೊಳ್ಳದೆ ಬಿಡಿಭಾಗದ ಕೌಂಟರಿಗೆ ಹೋಗಿ ಆಯಿಲ್ ಫಿಲ್ಟರ್, ಫ್ಯಾನ್ ಬೆಲ್ಟು, ಕ್ಲಚ್ ಪ್ಲೇಟು ಈಗಲೇ ಇದೆಯೇ ಎಂದು ಕೇಳಿದೆ. ಮೂರನ್ನೂ ಹತ್ತು ನಿಮಿಷದಲ್ಲಿ ಮೇಜಿನ ಮೇಲಿಟ್ಟವರ ಯಂತ್ರವನ್ನೇ ತಂದೆ. ನಿಮ್ಮ ಊರಿಗೆ ಬಂದು ರಿಪೇರಿ ಮಾಡಬಲ್ಲ ಮೆಕ್ಯಾನಿಕ್ ಯಾವ ಗಾಡಿ ಬಲ್ಲ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.

ಓಡಿಸಿ ಅಭ್ಯಾಸವಿಲ್ಲ ಎಂದಿರಿ. ರಸ್ತೆಗೆ ಬರುವಾಗ, ಏರಿಳಿಯುವಾಗ ಎಡ–ಬಲ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಿಡಿ, ಒಂದೇ ಪೆಡಲು ಒತ್ತಿದರೆ ಗಾಡಿ ಗಿರ್ರನೆ ತಿರುಗುತ್ತದೆ. ಇಳುಕಲು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬನ್ನಿ, ನಡುವೆ ನ್ಯೂಟ್ರಲ್ ಮಾಡಬೇಡಿ. ಹಗ್ಗ ಅಥವಾ ಸರಪಳಿಯಲ್ಲಿ ಮರ ಎಳೆಯುವುದಿದ್ದರೆ ಕೆಳಗಿನ ಡ್ರಾಬಾರಿಗೆ (ಎಳೆಯುವ ಪಟ್ಟಿಗೆ) ಮಾತ್ರ ಕಟ್ಟಿ. ಮೇಲಿನ ಕೊಂಡಿಗೆ ಕಟ್ಟಿದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಓಡಿಸುವವನ ಮೇಲೆಯೇ ಬೀಳುತ್ತದೆ. ಮಗುಚಿದಾಗ ಕಾಪಾಡುವ ಕಬ್ಬಿಣದ ಚೌಕಟ್ಟನ್ನೂ ಸೀಟ್ ಬೆಲ್ಟನ್ನೂ ಹಾಕಿಸಿ, ಅಡಿಕೆ ಸೋಗೆ ತಾಗುತ್ತದೆ ಎಂದು ಬಿಚ್ಚಿ ಮೂಲೆಗಿಡಬೇಡಿ. ಟಾರು ರಸ್ತೆಯಲ್ಲಿ ಮುಂದಿನ ಚಕ್ರದ ಚಾಲನೆ ತೆಗೆದು ಓಡಿಸಿ, ಇಲ್ಲದಿದ್ದರೆ ಟೈರು ಸವೆದು ಹೋಗುತ್ತದೆ.

ಪ್ರದರ್ಶನಕ್ಕೆ ಯಂತ್ರ ತರುತ್ತೇವೆ ಎಂದು ಅಂಗಡಿಯವರು ಹೇಳಿದರೆ ಮಾರ್ಚಿನಲ್ಲಿ ಒಪ್ಪಿಕೊಳ್ಳಬೇಡಿ. ಜೂನ್ ಕೊನೆಗೆ, ನಾಲ್ಕು ದಿನ ಮಳೆ ಹೊಡೆದ ಮೇಲೆ ಕರೆಯಿರಿ. ಟ್ರೇಲರಿಗೆ ಅರ್ಧ ಹೊರೆ ಗೊಬ್ಬರ ತುಂಬಿ ನಿಮ್ಮ ತೋಟದ ಏರು ಹತ್ತಿಸಲು ಹೇಳಿ. ಓಡಿಸುವುದು ಅವರ ಚಾಲಕನೇ ಇರಲಿ, ನೀವು ಧರೆಯ ಮೇಲೆ ನಿಂತು ಮುಂದಿನ ಚಕ್ರ ನೋಡುತ್ತಿರಿ. ಹಾಗೆ ಕರೆದಾಗ ಬರಲು ಒಪ್ಪಿದ್ದು ನಾನು ಕೇಳಿದ ಮೂವರಲ್ಲಿ ಒಬ್ಬರೇ.