ಪುಟ್ಟಿ ಬಳಿದರೆ ತುಕ್ಕು ಹೋಗುತ್ತಾ?

ಪ್ರಶ್ನೆ: ಅಪ್ಪ 1984ರಲ್ಲಿ ತಗೊಂಡ ಪ್ರೀಮಿಯರ್ ಪದ್ಮಿನಿ ಕಾರು ಆರೇಳು ವರ್ಷದಿಂದ ಮನೆ ಮುಂದಿನ ಹೊಂಗೆ ಮರದ ಕೆಳಗೆ ನಿಂತಿದೆ. ಮತ್ತೆ ಓಡಿಸೋ ಆಸೆ. ಬಾಗಿಲ ಕೆಳಗಂಚಲ್ಲೂ ಅದರ ಕೆಳಗಿನ ರನ್ನಿಂಗ್ ಬೋರ್ಡಲ್ಲೂ ಪೇಂಟ್ ಗುಳ್ಳೆ ಎದ್ದಿದೆ. ಒಬ್ಬ ಟಿಂಕರ್ "ಉಜ್ಜಿ, ಪುಟ್ಟಿ ಹಾಕಿ, ಪೇಂಟ್ ಹೊಡೀತೀನಿ, ನಾಲ್ಕು ದಿನ ಸಾಕು" ಅಂತಾರೆ. ಇನ್ನೊಬ್ಬರು ಕತ್ತರಿಸಿ ಹೊಸ ತಗಡು ಹಾಕಬೇಕು ಅಂತಾರೆ, ಖರ್ಚು ನಾಲ್ಕು ಪಟ್ಟು. ಯಾರ ಮಾತು ಕೇಳಲಿ?
– ಓದುಗರು, ಮಲ್ಲೇಶ್ವರ

ಉತ್ತರ: ಎರಡನೆಯವರ ಮಾತು ಕೇಳಿ. ಬಾಗಿಲ ಕೆಳಗೆ ಗುಳ್ಳೆ ಎದ್ದಿದೆ ಅಂದರೆ ಸಾಮಾನ್ಯವಾಗಿ ತುಕ್ಕು ಒಳಗಿನಿಂದ ತಿನ್ನುತ್ತಾ ಹೊರಗೆ ಬಂದಿದೆ ಅಂತಲೇ ಅರ್ಥ. ನಂಬಿಕೆ ಬರದಿದ್ದರೆ ಒಂದು ಅಯಸ್ಕಾಂತ ಹಿಡಿದು ನೋಡಿ, ಅದು ಅಂಟದ ಕಡೆ ಹಿಂದೆ ಯಾರೋ ಪುಟ್ಟಿ ತುಂಬಿರುತ್ತಾರೆ. ಆಮೇಲೆ ಹಳೇ ಸ್ಕ್ರೂಡ್ರೈವರಿನಿಂದ ಗುಳ್ಳೆ ಎದ್ದ ಜಾಗವನ್ನ ಚುಚ್ಚಿ. ಒಳಗೆ ಹೋಯಿತಾ? ಹಾಗಾದರೆ ಅಲ್ಲಿ ತಗಡೇ ಇಲ್ಲ.

ನಾನೂ ಒಮ್ಮೆ ಪುಟ್ಟಿ ಹಾಕಿಸಿದವನೇ. ಯುಗಾದಿಗೆ ಫಳಫಳ ಅಂತಿದ್ದ ಕಾರು, ದಸರಾ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಗುಳ್ಳೆ. ಪುಟ್ಟಿ ನೀರು ಹೀರುತ್ತೆ, ಹಿಂದಿರುವ ತುಕ್ಕಿಗೆ ಅದೇ ಊಟ.

ಬೆಂಗಳೂರಲ್ಲಿ ಸಮುದ್ರದ ಉಪ್ಪುಗಾಳಿ ಇಲ್ಲ ನಿಜ, ಆದರೆ ಮರದ ಎಲೆ, ಹೂವಿನ ಪುಡಿ ಇದೆಯಲ್ಲ, ಅವು ಗಾಜಿನ ರಬ್ಬರ್ ಸಂದಿಯಿಂದ ಇಳಿದು ಬಾಗಿಲ ತಳದ ನೀರು ಹೋಗೋ ತೂತುಗಳನ್ನ ಮುಚ್ಚಿಬಿಡುತ್ತವೆ, ಮಳೆನೀರು ಅಲ್ಲೇ ನಿಲ್ಲುತ್ತೆ. ಮ್ಯಾಟ್ ಎತ್ತಿ ಫ್ಲೋರ್ ಕೂಡ ನೋಡಿ. ಬ್ಯಾಟರಿ ಕೂರೋ ತಟ್ಟೆಯನ್ನೂ ಬಿಡಬೇಡಿ, ಆಸಿಡ್ ಚೆಲ್ಲಿರುತ್ತೆ.

ಇನ್ನೊಂದು ಮುಖ್ಯ ವಿಷಯ. ಹಳೇ ಜೀಪಿಗೆ ಬಾಡಿ ಹೊರೋ ಬೇರೆ ಛಾಸಿ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟು ಇರುತ್ತೆ, ಪದ್ಮಿನಿಗೆ ಇಲ್ಲ. ಬಾಡಿಯೇ ಛಾಸಿ. ರನ್ನಿಂಗ್ ಬೋರ್ಡ್ ಅಂತ ನಾವು ಹೇಳೋ ಆ ಉದ್ದ ಡಬ್ಬಿ ಅಲಂಕಾರಕ್ಕಲ್ಲ, ಕಾರಿನ ಬೆನ್ನುಮೂಳೆ ಅದು. ಹಾಗಾಗಿ ಎರಡೂ ಕಡೆ ಒಟ್ಟಿಗೆ ಕತ್ತರಿಸಲು ಬಿಡಲೇಬೇಡಿ. ಕಾರನ್ನ ಸಮನಾಗಿ ಸ್ಟ್ಯಾಂಡ್ ಮೇಲೆ ಕೂರಿಸಿ, ಬಾಗಿಲ ಜಾಗಕ್ಕೆ ಅಡ್ಡ ಕಬ್ಬಿಣದ ಪಟ್ಟಿ ಬೆಸೆದು, ಒಂದು ಬದಿ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು. ನಡುನಡುವೆ ಬಾಗಿಲು ಜೋಡಿಸಿ ಹಾಕಿ ನೋಡಲಿ, ಸಂದಿ ಸಮ ಇಲ್ಲ ಅಂದರೆ ಬಾಡಿ ಬಾಗಿದೆ ಅಂತ.

ತಗಡು ರನ್ನಿಂಗ್ ಬೋರ್ಡಿಗೆ 18 ಗೇಜ್, ಬಾಗಿಲಿಗೆ 20 ಗೇಜ್ ಸಾಕು (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ). ಬೇಕಾದ ಭಾಗ ಶಿವಾಜಿನಗರದ ಗುಜರಿಯಲ್ಲೋ ಜೆ.ಸಿ. ರಸ್ತೆಯಲ್ಲೋ ಸಿಕ್ಕರೆ ಅದೃಷ್ಟ, ಇಲ್ಲಾಂದ್ರೆ ಶೀಟ್ ತಂದು ಬಗ್ಗಿಸಬೇಕು. ಸತು ಲೇಪಿಸಿದ ಜಿಐ ಶೀಟ್ ಬೇಡ, ಬೆಸೆಯುವಾಗ ಸತುವಿನ ಹೊಗೆ ಬರುತ್ತೆ, ಅದನ್ನ ಕುಡಿದರೆ ಜ್ವರ ಬರುತ್ತೆ. ಮಿಗ್ ವೆಲ್ಡಿಂಗ್ (ಗನ್ನಿನಿಂದ ತಂತಿ ತಾನೇ ಬರುತ್ತಾ ಬೆಸೆಯೋ ವಿಧಾನ) ಇರೋ ಗ್ಯಾರೇಜ್ ಹುಡುಕಿ. ಚುಕ್ಕೆ ಚುಕ್ಕೆಯಾಗಿ, ಒಂದು ಇಲ್ಲಿ, ಇನ್ನೊಂದು ದೂರದಲ್ಲಿ ಹಾಕಬೇಕು, ಒಂದೇ ಸಮನೆ ಎಳೆದರೆ ಶಾಖಕ್ಕೆ ತಗಡು ಅಲೆಯಾಗುತ್ತೆ. ಶುರು ಮಾಡೋ ಮುಂಚೆ ಪೆಟ್ರೋಲ್ ಟ್ಯಾಂಕ್, ಬ್ಯಾಟರಿ, ಸೀಟು ಎಲ್ಲ ಹೊರಗೆ. ಇದನ್ನ ನೀವೇ ನಿಂತು ಮಾಡಿಸಿ.

ಬರೀ ತಗಡನ್ನ ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ಬೆಳಗ್ಗೆ ಕೆಂಪಾಗಿರುತ್ತೆ, ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ರನ್ನಿಂಗ್ ಬೋರ್ಡ್ ಡಬ್ಬಿಯ ಒಳಗೆ ಬ್ರಷ್ ಹೋಗಲ್ಲ, ಪೇಂಟ್ ಆದಮೇಲೆ ನೀರು ಹೋಗೋ ತೂತಿನಿಂದ ಮೇಣದ ಸ್ಪ್ರೇ ಹೊಡೆಸಿ. ಆದರೆ ತೂತು ಮಾತ್ರ ಮುಚ್ಚಿಹೋಗದಂತೆ ನೋಡಿಕೊಳ್ಳಿ, ಆಮೇಲೆ ಮತ್ತೆ ನನಗೇ ಪತ್ರ ಬರೀಬೇಕಾಗುತ್ತೆ!

ಪ್ರಶ್ನೆ: ತುಕ್ಕಿಗೆ ಹಚ್ಚೋ ದ್ರಾವಣ ಸಿಗುತ್ತಲ್ಲ, ಅದಷ್ಟೇ ಸಾಲದಾ?
– ಓದುಗರು, ಜಯನಗರ

ಉತ್ತರ: ಮೇಲ್ಮೇಲೆ ಕೆಂಪಾಗಿದ್ದರೆ ಸಾಕು. ಅಂಥ ಬಹಳಷ್ಟು ದ್ರಾವಣಗಳಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತೆ, ಅದು ತೆಳು ತುಕ್ಕನ್ನ ಗಟ್ಟಿ ಕಪ್ಪು ಪದರವಾಗಿ ಮಾಡುತ್ತೆ. ಪದರ ಪದರವಾಗಿ ಉದುರುತ್ತಿದ್ದರೆ ಮೊದಲು ವೈರ್ ಬ್ರಷ್ ಹಾಕಿ ಲೋಹ ಕಾಣೋವರೆಗೆ ಉಜ್ಜಿ. ತೂತಿದ್ದರೆ ದುಡ್ಡು ದಂಡ.

ಪ್ರಶ್ನೆ: ನಾನು ಸದಾ ಪ್ಲಾಸ್ಟಿಕ್ ಕವರ್ ಹೊದಿಸಿಡ್ತೀನಿ, ಆದರೂ ತುಕ್ಕು ಯಾಕೆ?
– ಓದುಗರು, ವಿಜಯನಗರ

ಉತ್ತರ: ಅದಕ್ಕೇ ಸ್ವಾಮಿ! ನೆಲದ ತೇವ ಒಳಗೇ ಸಿಕ್ಕಿಕೊಳ್ಳುತ್ತೆ. ಗಾಳಿಯಾಡೋ ಬಟ್ಟೆ ಕವರ್ ತಗೊಳ್ಳಿ, ಬಿಸಿಲು ಬಂದ ದಿನ ಅದನ್ನೂ ತೆಗೆದು ನಾಲ್ಕೂ ಬಾಗಿಲು ತೆರೆದಿಡಿ.