ಸೈಡ್‌ವಾಲ್‌ಗೆ ಪ್ಯಾಚ್ ಬೇಡ, ಮೊದಲು ನೂಲು ಕಾಣುತ್ತಾ ನೋಡಿ

ಮುಳ್ಳಯ್ಯನಗಿರಿ ದಾರೀಲಿ ಎದುರು ಬಂದ ಜೀಪಿಗೆ ಜಾಗ ಬಿಡೋವಾಗ ಎಡ ಮುಂದಿನ ಟೈರಿನ ಪಕ್ಕದ ಗೋಡೆ (ಸೈಡ್‌ವಾಲ್) ಕಲ್ಲಿಗೆ ಉಜ್ಜಿ ರಬ್ಬರ್ ಎದ್ದಿದೆ, ಪಂಕ್ಚರ್ ಅಂಗಡಿಯವರು ಪ್ಯಾಚ್ ಹಾಕ್ತೀನಿ ಅಂತಿದ್ದಾರೆ ಅಂದಿದ್ದೀರಿ. ಹಾಕಿಸಬೇಡಿ. ಗಾಳಿಯ ಒತ್ತಡ ಹೊರೋದು ರಬ್ಬರಿನೊಳಗಿನ ನೂಲು. ಚಕ್ರ ಉರುಳಿದಂತೆಲ್ಲ ಸೈಡ್‌ವಾಲ್ ಬಾಗ್ತಾನೇ ಇರುತ್ತೆ, ಅಲ್ಲಿ ಪ್ಯಾಚ್ ನಿಲ್ಲಲ್ಲ.

ಸೋಪು ನೀರಲ್ಲಿ ಕೆಮ್ಮಣ್ಣು ತೊಳೆದು, ಎದ್ದ ಸಿಪ್ಪೆಯನ್ನು ಬೆರಳಲ್ಲಿ ಎತ್ತಿ, ಟಾರ್ಚ್ ಹಿಡಿದು ನೋಡಿ. ತಳದಲ್ಲಿ ಬರೀ ಕಪ್ಪು ರಬ್ಬರ್ ಇದ್ದರೆ ಅದು ಮೇಲ್ಗಾಯ, ಓಡಿಸಬಹುದು. ಬಿಳಿಯೋ ಕಂದೋ ನೂಲಿನ ಎಳೆ ಕಂಡರೆ ಟೈರ್ ಮುಗೀತು. ಫೆವಿಕ್ವಿಕ್ ಹಾಕಿ ಸಿಪ್ಪೆ ಅಂಟಿಸಲೇಬೇಡಿ, ಆಮೇಲೆ ಬಿರುಕು ದೊಡ್ಡದಾದರೂ ಗೊತ್ತಾಗಲ್ಲ.

ಉಬ್ಬು ಇನ್ನೂ ಅಪಾಯ. ಪೆಟ್ಟು ಬಿದ್ದು ಒಳಗಿನ ನೂಲು ತುಂಡಾಗಿ, ಅಲ್ಲಿ ಗಾಳಿ ರಬ್ಬರನ್ನು ಹೊರಗೆ ತಳ್ಳಿರುತ್ತೆ. ಕೆಲವೊಮ್ಮೆ ಎರಡು ದಿನ ಬಿಟ್ಟು ಕಾಣಿಸುತ್ತೆ, ಹಾಗಾಗಿ ಗಾಯದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ವಾರವಿಡೀ ಬೆಳಗ್ಗೆ ಕೈಯಾಡಿಸಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಟೈರಿನ ಒಳಬದಿಯನ್ನೂ ನೋಡಿ. ಉಬ್ಬು ಕಂಡರೆ ಸ್ಟೆಪ್ನಿ ಹಾಕಿ, ಚಾರ್ಮಾಡಿ ಘಾಟಿ ಇಳಿಯೋ ಯೋಚನೆ ಬಿಡಿ.

ಹೊಸದು ಕೊಳ್ಳುವಾಗ ಸೈಡ್‌ವಾಲ್ ಮೇಲೆ DOT ಅಂತ ಶುರುವಾಗೋ ಡಾಟ್ ಕೋಡಿನ ಕೊನೆಯ 4 ಅಂಕಿ ಓದಿ, ಅದು ತಯಾರಾದ ವಾರ, ವರ್ಷ: 2324 ಅಂದ್ರೆ 2024ರ 23ನೇ ವಾರ. ಬಲಗಡೆಯದು ತುಂಬಾ ಸವೆದಿದ್ದರೆ ಜೋಡಿ ಹಾಕಿಸಿ, ವೀಲ್ ಅಲೈನ್‌ಮೆಂಟೂ (ಚಕ್ರಗಳ ಕೋನ ಸರಿ ಮಾಡೋದು) ಮಾಡಿಸಿ.