ಓದುಗರ ಪ್ರಶ್ನೆ: ಮಾತ್ರೆ ತಪ್ಪುವುದೆಲ್ಲಿ, ಉಪಮೆ ಮುಗಿಯುವುದೆಲ್ಲಿ?

ಪ್ರಶ್ನೆ: ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದರೆ ಒಂದು ಸಾಲಿಗೆ 15 ಮಾತ್ರೆ ಬರುತ್ತದೆ, ಇನ್ನೊಂದಕ್ಕೆ ಕಡಿಮೆ ಬೀಳುತ್ತದೆ. ಎಲ್ಲಿ ತಪ್ಪುತ್ತಿದೆ?
– ಹತ್ತನೆಯ ತರಗತಿಯ ವಿದ್ಯಾರ್ಥಿನಿ, ಹಾಸನ

ಉತ್ತರ: ಮಾತ್ರೆ ಎಂದರೆ ಅಕ್ಷರ ಉಚ್ಚರಿಸುವ ಕಾಲದ ಅಳತೆ. ಪ್ರಸ್ತಾರ ಎಂದರೆ ಲಘು-ಗುರು ಗುರುತಿಸಿ ಗಣ, ಅಂದರೆ ಮಾತ್ರೆಗಳ ಗುಂಪು, ವಿಂಗಡಿಸುವುದು. ಆರು ಸಾಲಿನ ಭಾಮಿನಿಯ 1, 2, 4, 5ನೆಯ ಸಾಲುಗಳಲ್ಲಿ 3+4+3+4ರಂತೆ 14 ಮಾತ್ರೆ. 3 ಮತ್ತು 6ನೆಯ ಸಾಲುಗಳಲ್ಲಿ 3+4+3+4+3+4, ಮೇಲೊಂದು ಗುರು, ಅಂದರೆ 23. ಇಡೀ ಪದ್ಯಕ್ಕೆ 102. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ, ಐ-ಔ ಇರುವ ಅಕ್ಷರ, ಅನುಸ್ವಾರ ಅಥವಾ ವಿಸರ್ಗ ಹತ್ತಿದ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಅರ್ಧಾಕ್ಷರದ ಹಿಂದಿನ ಅಕ್ಷರ, ಇವೆಲ್ಲ ಗುರು. ‘ಸಜ್ಜನ’ದಲ್ಲಿ ಗುರುವಾಗುವುದು ‘ಸ’, ‘ಜ್ಜ’ ಅಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ.

ಇನ್ನು ನಿಮ್ಮ 15ನೆಯ ಮಾತ್ರೆಯ ವಿಚಾರ. ಕುಮಾರವ್ಯಾಸ ಭಾರತದ ಮೊದಲ ಪದ್ಯವನ್ನೇ ತೆಗೆದುಕೊಳ್ಳಿ:

ಶ್ರೀವ | ನಿತೆಯರ | ಸನೆ ವಿ | ಮಲ ರಾ

ಇದು ಸಲೀಸು. ಪದ ಎಲ್ಲಿ ಮುಗಿಯಿತೆಂದು ಗಣ ನೋಡುವುದಿಲ್ಲ, ‘ರಾಜೀವ’ ಎಂಬ ಪದವೇ ಎರಡು ಸಾಲಿಗೆ ಹರಿದುಹೋಗಿದೆ. ಎರಡನೆಯ ಸಾಲು ‘ಜೀವ’ ಎಂದು ಶುರುವಾದರೆ ತಾನೇ ಆದಿಪ್ರಾಸದ (ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವುದು) ವಕಾರ ಸರಿಯಾಗಿ ಎರಡನೆಯ ಅಕ್ಷರಕ್ಕೆ ಬಂದು ಕೂರುವುದು! ನಾಲ್ಕನೆಯ ಸಾಲು ನೋಡಿ:

ರಾವ | ಣಾಸುರ | ಮಥನ | ಶ್ರವಣ ಸು

‘ಶ್ರ’ ಒತ್ತಕ್ಷರ ತಾನೇ ಎಂದು ‘ಮಥನ’ದ ‘ನ’ವನ್ನು ಗುರು ಮಾಡಿದರೆ ಸಾಲು 15ಕ್ಕೆ ಹೋಗುತ್ತದೆ. ಬಾಯಿಬಿಟ್ಟು ಓದಿ. ‘ಮಥನ’ ಎಂದು ನಿಂತು ‘ಶ್ರವಣ’ ಎಂದು ಎತ್ತಿಕೊಂಡಾಗ ‘ನ’ದ ಮೇಲೆ ಒತ್ತು ಬೀಳುವುದಿಲ್ಲ, ಅದು ಲಘುವೇ. ಕಡಿಮೆ ಬೀಳುವ ಸಾಲು ಬಹುಶಃ ಮೂರನೆಯದು. ಅದರ ಕೊನೆಯಲ್ಲಿ ‘ದಾತಾ | ರ’ ಎಂದಿದೆ. ಒಂಟಿಯಾಗಿ ಉಳಿದ ಆ ‘ರ’ವನ್ನು ಪಾದಾಂತ್ಯದಲ್ಲಿ ಗುರುವೆಂದೇ ಎಣಿಸಬೇಕು. ಆರನೆಯ ಸಾಲಿನ ಕೊನೆಗೆ ಬರುವ ‘ನಾರಯ | ಣ’ದಲ್ಲೂ ಹಾಗೆಯೇ, ಒಂಟಿಯಾಗಿ ಉಳಿದ ‘ಣ’ ಗುರು.

ಮೊದಲು ರಾಗವಾಗಿ ಓದಿ, ಆಮೇಲೆ ಪೆನ್ಸಿಲ್ ಹಿಡಿಯಿರಿ. ಕಿವಿಗೆ ಮೂರು-ನಾಲ್ಕರ ನಡೆ ಸಿಕ್ಕಿದ್ದರೆ ಗೀಟು ಎಲ್ಲಿ ಹಾಕಬೇಕೆಂದು ತಾನಾಗಿ ತಿಳಿಯುತ್ತದೆ.

ಪ್ರಶ್ನೆ: ‘ಅಂತೆ’ ಬಂದರೆ ಉಪಮೆ ಎಂದು ಕಲಿತೆವು. ಆದರೂ ಉತ್ಪ್ರೇಕ್ಷೆಯನ್ನು ಉಪಮೆ ಎಂದು ಬರೆದುಬಿಡುತ್ತೇವೆ. ಏನು ಮಾಡುವುದು?
– ಪಿಯುಸಿ ವಿದ್ಯಾರ್ಥಿಗಳು, ಶಿರಸಿ

ಉತ್ತರ: ಆ ಸೂತ್ರವನ್ನು ಕೈಬಿಡಿ. ‘ಅವನು ಊರಿಗೆ ಹೋದನಂತೆ’, ‘ಹೇಳಿದಂತೆ ಮಾಡಿದಳು’, ಈ ಎರಡರಲ್ಲೂ ‘ಅಂತೆ’ ಇದೆ, ಅಲಂಕಾರ ಇಲ್ಲ. ನಾಲ್ಕು ಅಂಗಗಳನ್ನು ಹುಡುಕಿ. ‘ಕೆರೆಯ ನೀರು ಕನ್ನಡಿಯಂತೆ ಹೊಳೆಯುತ್ತಿದೆ’ ಎಂಬಲ್ಲಿ ನೀರು ಉಪಮೇಯ, ಕನ್ನಡಿ ಉಪಮಾನ, ‘ಅಂತೆ’ ವಾಚಕಪದ, ಹೊಳೆಯುವುದು ಸಮಾನಧರ್ಮ. ನಾಲ್ಕೂ ಇರುವುದರಿಂದ ಪೂರ್ಣೋಪಮೆ. ‘ನೀರು ಕನ್ನಡಿಯಂತಿದೆ’ ಎಂದಷ್ಟೇ ಹೇಳಿದರೆ ಸಮಾನಧರ್ಮ ಬಿಟ್ಟುಹೋಗಿ ಲುಪ್ತೋಪಮೆಯಾಗುತ್ತದೆ. ‘ಕೆರೆಯೆಂಬ ಕನ್ನಡಿ’ ಎಂದಾಗ ಎರಡಕ್ಕೂ ಭೇದವೇ ಉಳಿಯದೆ ರೂಪಕ.

‘ಬೆಟ್ಟವು ಮುಖ ನೋಡಿಕೊಳ್ಳಲೆಂದು ಇಟ್ಟ ಕನ್ನಡಿಯೋ ಎಂಬಂತೆ ಕೆರೆ ಹೊಳೆಯಿತು’ ಎಂದರೆ ಉತ್ಪ್ರೇಕ್ಷೆ. ಇಲ್ಲಿ ‘ಎಂಬಂತೆ’ ನಿಮ್ಮನ್ನು ಉಪಮೆಯ ಕಡೆಗೆ ಎಳೆಯುತ್ತದೆ. ಆದರೆ ಬೆಟ್ಟ ಕನ್ನಡಿ ಇಡುವುದು ಲೋಕದಲ್ಲಿ ಇಲ್ಲದ ಸಂಗತಿ, ಕವಿ ಊಹಿಸಿದ್ದು. ಇರುವುದಕ್ಕೆ ಹೋಲಿಸಿದ್ದಾರೋ, ಇಲ್ಲದ್ದನ್ನು ಊಹಿಸಿದ್ದಾರೋ ಎಂದು ಕೇಳಿಕೊಂಡು ಉತ್ತರ ಬರೆಯಿರಿ.

ಪ್ರಶ್ನೆ: ದೃಷ್ಟಾಂತಕ್ಕೂ ಅರ್ಥಾಂತರನ್ಯಾಸಕ್ಕೂ ಏನು ವ್ಯತ್ಯಾಸ?
– ಓದುಗರೊಬ್ಬರು, ಬೀದರ್

ಉತ್ತರ: ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಎರಡೂ ಸ್ವತಂತ್ರ ವಾಕ್ಯ, ಎರಡೂ ಒಂದೇ ಮಟ್ಟದವು, ನಡುವೆ ಬಿಂಬ-ಪ್ರತಿಬಿಂಬ ಭಾವ, ಅಂದರೆ ಒಂದರ ಅರ್ಥ ಇನ್ನೊಂದರ ಪಡಿನೆರಳಿನ ಹಾಗೆ ತೋರುವುದು. ಇದು ದೃಷ್ಟಾಂತ. ‘ಹೇಗೋ ಹಾಗೆ’ ಸೇರಿಸಿದರೆ ಉಪಮೆಯಾಗಿಬಿಡುತ್ತದೆ. ‘ದುಪ್ಪಟ್ಟು ಬಡ್ಡಿಯ ಆಸೆಗೆ ಬಿದ್ದು ಅವನು ಇದ್ದ ಹೊಲವನ್ನೂ ಕಳೆದುಕೊಂಡ, ಅತಿಯಾಸೆ ಗತಿಗೇಡು’ ಎಂಬಲ್ಲಿ ಮೊದಲಿನದು ಒಬ್ಬನ ವಿಶೇಷ ಸಂಗತಿ, ಎರಡನೆಯದು ಎಲ್ಲರಿಗೂ ಸಲ್ಲುವ ಸಾಮಾನ್ಯ ಮಾತು. ಒಂದು ಇನ್ನೊಂದನ್ನು ಸಮರ್ಥಿಸುವುದರಿಂದ ಇದು ಅರ್ಥಾಂತರನ್ಯಾಸ.